ಉಲಾನ್‌ಬಾತರಿಗೆ ಬರುವ ಮುಂಚೆ: ಮಸಿ ಬೊಟ್ಟು, ಜಾಯಿಕಾಯಿ, ನಾಗ

ನಿಮ್ಮ ಪತ್ರ ಓದಿದೆ. ಯಜಮಾನರಿಗೆ ಇಲ್ಲಿ ಕೆಲಸ ಸಿಕ್ಕಿದೆ, ಸೆಪ್ಟೆಂಬರಿನಲ್ಲಿ ಮಂಗೋಲಿಯಾಕ್ಕೆ ಬರುತ್ತೀರಿ, ಜೊತೆಗೆ ಎರಡು ವರ್ಷದ ಮಗಳು. ನಿಮಗೆ ನಿದ್ದೆ ಕಡಿಮೆ, ಗಾಬರಿ ಜಾಸ್ತಿ. "ಅಲ್ಲಿಯವರು ಮನಸ್ಸಿನ ನೆಮ್ಮದಿಗೆ, ಆರೋಗ್ಯಕ್ಕೆ ಏನು ಮಾಡುತ್ತಾರೆ? ಮಾಟ ಮಂತ್ರದ ದೇಶ ಅಂತಾರಲ್ಲ, ನಿಜವಾ?" ಅಂತ ಕೇಳಿದ್ದೀರಿ. ನಾನು ಬಂದು ಹನ್ನೊಂದು ಚಳಿಗಾಲ ಆಯಿತು. ಕಂಡಷ್ಟು ಹೇಳುತ್ತೇನೆ.

ಮಾಟದ ಭಯ ಬಿಡಿ. 'ಬೋ' ಅನ್ನುವವರು ಇದ್ದಾರೆ, ಡೋಲು ಬಡಿದು ಹಿರಿಯರ ಆತ್ಮವನ್ನು ಮೈಮೇಲೆ ಕರೆಯುತ್ತಾರೆ. ಕೋಲ, ದರ್ಶನ ನೋಡಿ ಬೆಳೆದ ನಮಗೆ ಅದೇನು ಹೊಸದಲ್ಲ. 1930ರ ದಶಕದ ಕೊನೆಯಲ್ಲಿ ಸರ್ಕಾರವೇ ಇಲ್ಲಿನ ಬೌದ್ಧ ಮಠಗಳನ್ನು ಕೆಡವಿ, ಸಾವಿರಾರು ಲಾಮಾಗಳನ್ನು ಕೊಂದಿತು. 1990ರಲ್ಲಿ ನಂಬಿಕೆಗೆ ಮತ್ತೆ ಬಾಗಿಲು ತೆರೆದಾಗ ನಿಜವಾದ ಬೋಗಳ ಹಿಂದೆಯೇ ದುಡ್ಡು ಕೀಳುವವರೂ ನುಗ್ಗಿದರು. "ನಿನಗೆ ಹಿರಿಯರ ಕರೆ ಬಂದಿದೆ, ಇಷ್ಟು ಖರ್ಚಾಗುತ್ತದೆ" ಅಂತ ಯಾರಾದರೂ ಶುರು ಮಾಡಿದರೆ ಚಹಾ ಕುಡಿದು ಎದ್ದು ಬನ್ನಿ.

ನಂಬಿಕೆ ನೋಡಬೇಕಿದ್ದರೆ ಬೋ ಹತ್ತಿರ ಹೋಗಬೇಕಾಗಿಲ್ಲ. ಅದು ಮಾತಿನಲ್ಲೇ ಇದೆ. 'ಅಮರ್ ಮೆಂಡ್' ಅಂತ ಒಂದು ಮಾತು ಕೇಳುತ್ತೀರಿ. ಅಮರ್ ಅಂದರೆ ನೆಮ್ಮದಿ (ನಮ್ಮ ಸಾವಿಲ್ಲದ ಅಮರ ಅಲ್ಲ), ಮೆಂಡ್ ಅಂದರೆ ಕ್ಷೇಮ. ಎರಡನ್ನೂ ಜೋಡಿಸಿಯೇ ಹೇಳುತ್ತಾರೆ. ಅವರ ಹೊಸ ವರ್ಷ ಚಗಾನ್ ಸಾರ್‌ನಲ್ಲಿ ಕಿರಿಯರು ಹಿರಿಯರ ಮೊಣಕೈಗೆ ಕೆಳಗಿನಿಂದ ಕೈ ಆನಿಸಿ "ಅಮರ್ ಬೈನ ಊ?" ಅನ್ನುತ್ತಾರೆ. ನೆಮ್ಮದಿಯಾಗಿದ್ದೀರಾ ಅಂತ.

ಈ ನೆಮ್ಮದಿ ಕಣ್ಣು ಮುಚ್ಚಿ ಕೂತು ಒಳಗಡೆ ಹುಡುಕುವ ಜಾತಿಯದ್ದಲ್ಲ. ಸುತ್ತಲಿರುವುದನ್ನು ಕೆಣಕದಿದ್ದರೆ ತಾನೇ ಇರುತ್ತದೆ ಅನ್ನುವ ಲೆಕ್ಕ. ನನಗೆ ಇದು ಗೊತ್ತಾಗಿದ್ದು ಬೈಸಿಕೊಂಡ ಮೇಲೆ. ಮೊದಲನೇ ಬೇಸಿಗೆಯಲ್ಲಿ ಮನೆ ಓನರ್ ಅಜ್ಜಿಯ ಜೊತೆ ಹಳ್ಳಿಗೆ ಹೋಗಿದ್ದೆವು. ಊಟ ಆದಮೇಲೆ ಹಾಲು ಅಂಟಿದ್ದ ಲೋಟವನ್ನು ಸುಮ್ನೆ ತೊರೆಯಲ್ಲಿ ಅದ್ದಿದೆ. ಅಜ್ಜಿ ಓಡಿ ಬಂದು ಮಣಿಕಟ್ಟು ಹಿಡಿದು ಎಳೆದರು. ಹರಿಯುವ ನೀರಿಗೆ ಹಾಲು, ರಕ್ತ, ಮೂತ್ರ ಯಾವುದೂ ಬೀಳಬಾರದು. ನೀರಿನಲ್ಲಿ 'ಲುಸ್' ಇರುತ್ತವೆ, ಅವಕ್ಕೆ ಸಿಟ್ಟು ಬಂದರೆ ಮೈಮೇಲೆ ಗುಳ್ಳೆ ಏಳುತ್ತದೆ, ಕಾಯಿಲೆ ಬರುತ್ತದೆ. ಈ ಲುಸ್ ಬೇರೆ ಯಾರೂ ಅಲ್ಲ, ಟಿಬೆಟಿನವರ 'ಲು', ಅಂದರೆ ನಮ್ಮ ನಾಗ! ನಾನು ಕುಂದಾಪುರದ ಕಡೆಯವಳು. ಚರ್ಮದ ಕಾಯಿಲೆ ಅಂದರೆ ನಾಗದೋಷ, ನಾಗಬನದ ಹತ್ತಿರ ಉಗುಳಬೇಡ, ಇದನ್ನೆಲ್ಲ ಕೇಳಿಯೇ ದೊಡ್ಡವಳಾದದ್ದು. ಒಂದೇ ವ್ಯತ್ಯಾಸ: ನಾವು ನಾಗನಿಗೆ ಹಾಲೆರೆದು ಸಮಾಧಾನ ಮಾಡುತ್ತೇವೆ, ಇವರು ಅವನ ನೀರಿಗೆ ಹಾಲು ತಾಗಿಸುವುದೇ ಇಲ್ಲ. ಹಾಲು ಆಕಾಶಕ್ಕೆ. ಬೆಳಿಗ್ಗೆ ಮೊದಲ ಚಹಾವನ್ನೋ ಹಾಲನ್ನೋ ಹೊರಗೆ ತಂದು, ಒಂಬತ್ತು ಗುಳಿ ಇರುವ ಮರದ ಸೌಟಿನಿಂದ ಮೇಲಕ್ಕೆ ಚಿಮುಕಿಸುತ್ತಾರೆ. ಅಜ್ಜಿ ಈಗ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಆರನೇ ಮಹಡಿಯ ಕಿಟಕಿಯಿಂದಲೇ ಚಿಮುಕಿಸುತ್ತಾರೆ, ಕೆಳಗಿನ ಕಾರಿನವನು ದಿನಾ ಗೊಣಗುತ್ತಾನೆ.

ಇನ್ನು ನಿಮ್ಮ ನಿದ್ದೆಯ ವಿಷಯ. ಇಲ್ಲಿನ ಹಳೇ ವೈದ್ಯದಲ್ಲಿ ಮೈಯನ್ನು ನಡೆಸುವುದು ಮೂರು: ಹೀ, ಶರ್, ಬದ್ಗನ್. ಗಾಳಿ, ಪಿತ್ತ, ಕಫ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ವಾಗ್ಭಟನ ಅಷ್ಟಾಂಗಹೃದಯ 11ನೇ ಶತಮಾನದಲ್ಲಿ ಟಿಬೆಟನ್ ಭಾಷೆಗೆ ಹೋಯಿತು. ಟಿಬೆಟಿನ ವೈದ್ಯ ಲಾಮಾಗಳ ಜೊತೆ ಮಂಗೋಲಿಯಾಕ್ಕೆ ಬಂತು. ಬಿಸಿನೀರಿನ ಬುಗ್ಗೆಗೆ ಇಲ್ಲಿ 'ರಶಾನ್' ಅನ್ನುತ್ತಾರೆ, ಅದೂ ನಮ್ಮ 'ರಸಾಯನ'ವೇ. ನಿದ್ದೆ ಇಲ್ಲ, ಎದೆ ಢವಢವ, ಸುಮ್ಮಸುಮ್ಮನೆ ಅಳು ಅಂದರೆ "ಹೀ ಏರಿದೆ" ಅಂತಾರೆ. ಅದಕ್ಕೆ ಮದ್ದು ಬೆಚ್ಚಗಿರುವುದು, ಜಿಡ್ಡಿನ ಬಿಸಿ ಊಟ, ಎಲುಬಿನ ಸಾರು, ಒಬ್ಬರೇ ಕೂರದಿರುವುದು. ಜೊತೆಗೆ 'ಜಾದಿ'. ಏನಪ್ಪಾ ಅಂತ ಪೊಟ್ಟಣ ಬಿಚ್ಚಿ ನೋಡಿದರೆ ಜಾಯಿಕಾಯಿ! ಅಮ್ಮ ಕೂಸಿಗೆ ನಿದ್ದೆ ಬರಲಿ ಅಂತ ತೇದು ನೆಕ್ಕಿಸುತ್ತಿದ್ದಳಲ್ಲ, ಅದೇ. ಜಾತೀಫಲದ ಹೆಸರು ಸವೆದು ಸವೆದು ಜಾದಿ ಆಗಿದೆ. ನಾಲ್ಕು ಸಾವಿರ ಕಿಲೋಮೀಟರಿಗಿಂತ ದೂರ ಬಂದು ಅಮ್ಮನ ಸಾಣೆಕಲ್ಲಿನ ವಾಸನೆ ಮೂಗಿಗೆ ಬಡಿದಾಗ ನಾನು ನಿಜವಾಗಿ ಅತ್ತೆ. ನೀವು ಸಸ್ಯಾಹಾರಿಯಾದರೆ ಎಲುಬಿನ ಸಾರು ಬಿಡಿ. ಉಪ್ಪು ಹಾಕಿದ ಹಾಲಿನ ಚಹಾ, 'ಓರೋಮ್' ಅನ್ನುವ ದಪ್ಪ ಕೆನೆ, ತರಗ್ ಅಂದರೆ ಮೊಸರು, ಇವೆಲ್ಲ ಸಿಗುತ್ತವೆ. ತರಕಾರಿ ಚಳಿಗಾಲದಲ್ಲಿ ದುಬಾರಿ.

ಮಗಳನ್ನು ರಾತ್ರಿ ಹೊರಗೆ ಕರೆದುಕೊಂಡು ಹೊರಟರೆ ಯಾರಾದರೂ ಹಿರಿಯರು ಅವಳ ಹಣೆಗೋ ಮೂಗಿಗೋ ಮಸಿ ಹಚ್ಚಬಹುದು. ಬೇಸರ ಮಾಡಿಕೊಳ್ಳಬೇಡಿ. ಕೆಟ್ಟದರ ಕಣ್ಣಿಗೆ ಅದು ಮಗು ಅಲ್ಲ, ಮೊಲ ಅನ್ನಿಸಲಿ ಅಂತ. ಮಕ್ಕಳಿಗೆ 'ಎನೆಬಿಶ್' ಅಂತಲೂ ಹೆಸರಿಡುತ್ತಾರೆ, 'ಇದಲ್ಲ' ಅಂತ ಅರ್ಥ. ಮಕ್ಕಳು ಉಳಿಯದ ಮನೆಯಲ್ಲಿ ನಾವು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪಣ್ಣ ಅಂತ ಕರೆದ ಹಾಗೆ. ಮಗು ಬೆಚ್ಚಿಬಿದ್ದು ಊಟ ಬಿಟ್ಟರೆ ಅದರ 'ಸುನ್ಸ್', ಅಂದರೆ ಜೀವ, ಓಡಿಹೋಗಿದೆ ಅಂತ ಹೆಸರು ಹಿಡಿದು ವಾಪಸ್ ಕರೆಯುತ್ತಾರೆ.

ಒಂದು ಕಡೆ ಮಾತ್ರ ನಾನು ಕಟ್ಟುನಿಟ್ಟು. ಎಲುಬು ಕೂರಿಸುವ 'ಬರಿಯಾಚ್'ಗಳು ಇಲ್ಲಿ ಬೀದಿಗೊಬ್ಬರು. ಮಗು ತಲೆ ಕುಟ್ಟಿಕೊಂಡರೂ ಅವರ ಹತ್ತಿರವೇ ಓಡುತ್ತಾರೆ. ನಾಲ್ಕನೇ ಚಳಿಗಾಲದಲ್ಲಿ ನಾನು ಮಂಜಿನ ಮೇಲೆ ಜಾರಿ ಬಿದ್ದೆ. ಒಬ್ಬ ಬರಿಯಾಚ್ ಬರೀ ಉಳುಕು ಅಂತ ತಿಕ್ಕಿ ಕಳಿಸಿದ. ಮೂರು ದಿನ ಬಿಟ್ಟು ಎಕ್ಸ್‌ರೇ ತೆಗೆಸಿದರೆ ಮಣಿಕಟ್ಟು ಮುರಿದಿತ್ತು. ಈಗಲೂ ಚಳಿಗೆ ನೋಯುತ್ತದೆ. ಮೊದಲು ಎಕ್ಸ್‌ರೇ, ಆಮೇಲೆ ಬೇಕಿದ್ದರೆ ತಿಕ್ಕಿಸಿಕೊಳ್ಳಿ. ಹಾಗೆಯೇ ಚಳಿಗಾಲದ ಹೊಗೆ. ಊರಂಚಿನ ಗೆರ್ ಮನೆಗಳಲ್ಲಿ (ಕಂಬಳಿ ಹೊದಿಸಿದ ದುಂಡನೆಯ ಗುಡಾರ) ಕಲ್ಲಿದ್ದಲು ಉರಿಸುತ್ತಾರೆ. ಅದಕ್ಕೆ ಯಾವ ಲುಸ್ ಕೂಡ ಏನೂ ಮಾಡಲಾರದು. ಏರ್ ಪ್ಯೂರಿಫೈಯರನ್ನು ನೀವು ಬಂದ ದಿನವೇ ತಗೊಳ್ಳಿ, ಸೋಫಾ ಆಮೇಲೆ.

ಚಳಿ ಡಿಸೆಂಬರ್ 22ರಿಂದ ಒಂಬತ್ತು ಒಂಬತ್ತು ದಿನದ ಒಂಬತ್ತು ಕಂತು. ಮೂರನೆಯದರಲ್ಲಿ ಮೂರು ವರ್ಷದ ಎತ್ತಿನ ಕೊಂಬು ಹೆಪ್ಪುಗಟ್ಟುತ್ತದಂತೆ. ಐದನೆಯದರಲ್ಲಿ ಹೊರಗಿಟ್ಟ ಅನ್ನ ಹೆಪ್ಪುಗಟ್ಟುವುದಿಲ್ಲ, ಅಲ್ಲಿಂದ ಇಳಿಜಾರು. ನಿಮಗೆ ಗಾಬರಿ ಹೆಚ್ಚುವುದು ಎರಡು ಮೂರನೇ ಕಂತಿನಲ್ಲಿ. ಆಗ ಗಂದನ್ ಮಠಕ್ಕೆ ಹೋಗೋಣ. ಒಳಗೆ 26 ಮೀಟರಿಗೂ ಎತ್ತರದ ಜನ್ರೈಸಗ್ ನಿಂತಿದ್ದಾನೆ, ಅಂದರೆ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ. ಹಳೆಯ ಮೂರ್ತಿಯನ್ನು 1938ರಲ್ಲಿ ಕಿತ್ತೊಯ್ದರು, ಈಗಿರುವುದು 1996ರದ್ದು. ಅಲ್ಲಿ ನನಗೆ ಪರಿಚಯದ ಒಬ್ಬ ಲಾಮಾ ಇದ್ದಾರೆ, ನಮ್ಮ ಮುಂಡಗೋಡಿನ ದ್ರೆಪುಂಗ್ ಮಠದಲ್ಲಿ ವರ್ಷಗಟ್ಟಲೆ ಓದಿ ಬಂದವರು. ನನ್ನನ್ನು ಕಂಡರೆ ಮಂತ್ರ ನಿಲ್ಲಿಸಿ "ಊಟ ಆಯ್ತಾ?" ಅಂತಾರೆ.

ಬರುವಾಗ ಒಂದು ಹಿಡಿ ಜಾಯಿಕಾಯಿ, ಚಿಕ್ಕದೊಂದು ಸಾಣೆಕಲ್ಲು ತನ್ನಿ. ಕೊಬ್ಬರಿ ಎಣ್ಣೆಯನ್ನು ಅಗಲ ಬಾಯಿಯ ಡಬ್ಬಿಯಲ್ಲೇ ತನ್ನಿ, ಬಾಟಲಿಯಿಂದ ಏಪ್ರಿಲ್ ತನಕ ಈಚೆ ಬರುವುದಿಲ್ಲ.