ಆಗಸ್ಟ್ ಕೊನೇಲಿ ಟ್ಯಾಂಪಾ ಬೇ: ಬೆಳಗಿನ ಟ್ರಿಪ್ಪೇ ತಗೊಳ್ಳಿ

ಆಗಸ್ಟ್ ಕೊನೇ ವಾರ ಫ್ಯಾಮಿಲಿ ಜೊತೆ ಫ್ಲೋರಿಡಾದ ಟ್ಯಾಂಪಾಗೆ ಬರ್ತಿದೀವಿ, ಗೈಡ್ ಬೋಟಲ್ಲಿ ಮೀನು ಹಿಡಿಯೋ ಮಧ್ಯಾಹ್ನದ ಟ್ರಿಪ್ ಕಮ್ಮಿ ರೇಟಿಗೆ ಸಿಗ್ತಿದೆ ತಗೋಬಹುದಾ, ಹಿಡಿದ ಮೀನು ಸಾರು ಮಾಡ್ಬಹುದಾ ಅಂತ ಕೇಳಿದೀರಲ್ಲ, ಮೊದಲನೇದಕ್ಕೆ ದಯವಿಟ್ಟು ಬೇಡ ಅಂತೀನಿ, ಎರಡನೇದಕ್ಕೆ ಧಾರಾಳವಾಗಿ ಮಾಡಿ ಆದ್ರೆ ಅಳತೆ ನೋಡ್ಕೊಂಡು.

ಮಧ್ಯಾಹ್ನ ಯಾಕೆ ಬೇಡ ಅಂದ್ರೆ ಆ ಟೈಮಲ್ಲಿ ಕೊಲ್ಲಿಯ ನೀರು 30 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತೆ, ಬಿಸಿ ನೀರಲ್ಲಿ ಆಕ್ಸಿಜನ್ ಕಮ್ಮಿ, ಬಿಸಿಲೇರಿದ ಮೇಲೆ ಮೀನು ಆಳಕ್ಕೋ ಮ್ಯಾಂಗ್ರೋವ್ (ಕಾಂಡ್ಲಾ ಮರ) ನೆರಳಿಗೋ ಹೋಗಿ ಬಾಯಿ ಮುಚ್ಕೊಂಡು ಕೂತ್ಬಿಡುತ್ತೆ. ಅದರ ಮೇಲೆ ಸಮುದ್ರದ ಗಾಳಿ ಒಳಗೆ ನುಗ್ಗಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಶುರು, ತೆರೆದ ಬೋಟಲ್ಲಿ ಕೈಯಲ್ಲಿ ಏಳಡಿ ಗ್ರಾಫೈಟ್ ರಾಡ್ (ಗಾಳದ ಕೋಲು) ಹಿಡ್ಕೊಂಡು ನಿಲ್ಲೋ ಜಾಗ ಅಲ್ಲ ಅದು. ಆಗಸ್ಟ್ ಕೊನೇಲಿ ಅಲ್ಲಿ ಸೂರ್ಯ ಹುಟ್ಟೋದು ಸುಮಾರು 7 ಗಂಟೆಗೆ, 6 ಗಂಟೆಗೇ ಬೋಟ್ ರ‍್ಯಾಂಪ್ ಹತ್ರ ಬನ್ನಿ ಅಂತ ಹೇಳೋ ಕ್ಯಾಪ್ಟನ್ ಸಿಕ್ಕಿದ್ರೆ ಕಣ್ಮುಚ್ಚಿ ಬುಕ್ ಮಾಡಿ. ಇನ್ನೂ ಒಳ್ಳೇದು ಅಂದ್ರೆ ದಿನಾಂಕ ಫಿಕ್ಸ್ ಮಾಡೋ ಮುಂಚೆ ಅವರನ್ನೇ ಕೇಳಿ, ಆ ವಾರದಲ್ಲಿ ಯಾವ ದಿನ ಬೆಳಿಗ್ಗೆ ನೀರು ಚೆನ್ನಾಗಿ ಹರಿಯುತ್ತೆ ಅಂತ. ಉಬ್ಬರ ಏರ್ತಾ ಇದ್ರೆ ಮಲೆಟ್ ಮೀನಿನ ಹಿಂಡು ಮ್ಯಾಂಗ್ರೋವ್ ಅಂಚಿಗೆ ಬರುತ್ತೆ, ಅದರ ಜೊತೆಗೇ ರೆಡ್‌ಫಿಶ್ಶೂ ಬರುತ್ತೆ, ನೀರು ಇಳಿಯೋವಾಗ ಅವೇ ಮೀನು ಆಯ್ಸ್ಟರ್ (ಸಿಂಪಿ) ದಿಬ್ಬದ ಪಕ್ಕದ ಗುಂಡಿಗಳಲ್ಲಿ ಸಿಗ್ತವೆ, ನಿಂತ ನೀರಲ್ಲಿ ಮಾತ್ರ ಎಷ್ಟೊಳ್ಳೆ ಗೈಡ್ ಇದ್ರೂ ಕಷ್ಟ. ಬೇಸಿಗೆ ಕೊನೇಲಿ ರೆಡ್‌ಫಿಶ್ ದೊಡ್ಡ ಹಿಂಡು ಕಟ್ಟೋಕೆ ಶುರು ಮಾಡ್ತವೆ, ಆ ತಾಮ್ರದ ಬಣ್ಣದ ಬೆನ್ನುಗಳು ಒಟ್ಟಿಗೆ ನೀರು ತಳ್ಕೊಂಡು ಬರೋದನ್ನ ಮಕ್ಕಳಿಗೆ ತೋರಿಸ್ಬೇಕು ನೀವು.

ರಾಡು, ರೀಲು, ಬೇಟ್ (ಗಾಳಕ್ಕೆ ಚುಚ್ಚೋ ಆಹಾರ) ಎಲ್ಲಾ ಕ್ಯಾಪ್ಟನ್ನದೇ. ಫ್ಲೋರಿಡಾದಲ್ಲಿ ಚಾರ್ಟರ್ (ಬಾಡಿಗೆ) ಬೋಟಿನ ಫಿಶಿಂಗ್ ಲೈಸೆನ್ಸೇ ಪ್ರಯಾಣಿಕರಿಗೂ ಸಾಕು, ನೀವು ಬೇರೆ ತಗೋಬೇಕಿಲ್ಲ, ಆದ್ರೆ ಕ್ಯಾಪ್ಟನ್ ಹತ್ರ ಕೋಸ್ಟ್ ಗಾರ್ಡ್ ಲೈಸೆನ್ಸ್ ಇದೆಯಾ ಕೇಳೋಕೆ ಸಂಕೋಚ ಬೇಡ. ಸಣ್ಣ ಬೋಟಲ್ಲಿ 6 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕ್ಲೇಬೇಕು, ಅವರ ಸೈಜಿಂದು ಇದೆಯಾ ಅಂತ ಮೊದಲೇ ಖಾತ್ರಿ ಮಾಡ್ಕೊಳ್ಳಿ. ಬೆಳಿಗ್ಗೆ ಮೊದಲ ಅರ್ಧ-ಮುಕ್ಕಾಲು ಗಂಟೆ ಅವರು ಬಲೆ ಬೀಸಿ ಸಣ್ಣ ಮೀನು, ಅಂದ್ರೆ ವೈಟ್‌ಬೇಟ್ ಹಿಡೀತಾರೆ, ಟೈಮ್ ವೇಸ್ಟ್ ಅಂತ ಅಂದ್ಕೋಬೇಡಿ, ದಿನ ನಿಂತಿರೋದೇ ಆ ಜೀವಂತ ಬೇಟ್ ಮೇಲೆ.

ಊರಲ್ಲಿ ಕೆರೇಲೋ ಹೊಳೇಲೋ ಗಾಳ ಹಾಕಿ ಕಲಿತವರಿಗೆ ಒಂದು ಮುಖ್ಯ ಮಾತು. ಮೀನು ಎಳೆದ ತಕ್ಷಣ ಜೋರಾಗಿ ಜಗ್ಗೋ ಅಭ್ಯಾಸ ಇರುತ್ತಲ್ಲ, ಅದು ಇಲ್ಲಿ ಬೇಡ. ಬೇಟ್ ಹಾಕೋದು ತುದಿ ಒಳಕ್ಕೆ ಬಾಗಿರೋ ಸರ್ಕಲ್ ಹುಕ್ಕಿಗೆ, ಜಗ್ಗಿದ್ರೆ ಬಾಯಿಂದ ಹೊರಗೆ ಬಂದ್ಬಿಡುತ್ತೆ, ದಾರ ಬಿಗಿಯಾಗೋವರೆಗೂ ಸುಮ್ನೆ ರೀಲ್ ಸುತ್ತುತ್ತಾ ಇರಿ, ಹುಕ್ ತಾನೇ ಬಾಯಿಯ ಮೂಲೇಲಿ ಕೂರುತ್ತೆ. ಸ್ನೂಕ್ ಅನ್ನೋ ಮೀನು ಕಚ್ಚಿದ್ರೆ ಮಾತ್ರ ದಾರ ಸಡಿಲ ಬಿಡ್ಲೇಬೇಡಿ, ಒಂದೇ ಓಟಕ್ಕೆ ಮ್ಯಾಂಗ್ರೋವ್ ಬೇರಿಗೆ ಸುತ್ತಿ ಕಡ್ಕೊಂಡು ಹೋಗುತ್ತೆ.

ಈಗ ಅಡುಗೆ ವಿಷಯ. ಸ್ನೂಕ್ ಆಗಸ್ಟ್ 31ರವರೆಗೆ ಕ್ಲೋಸ್, ಹಿಡಿದ್ರೂ ಬಿಡ್ಬೇಕು. ರೆಡ್‌ಫಿಶ್ 18ರಿಂದ 27 ಇಂಚು ಇದ್ರೆ ಮಾತ್ರ ಇಟ್ಕೋಬಹುದು, ತಲೆಗೆ ಒಂದೇ. ಟ್ರೌಟ್ (ಸ್ಪಾಟೆಡ್ ಸೀಟ್ರೌಟ್ ಅನ್ನೋ ಸಮುದ್ರದ ಮೀನು) 15ರಿಂದ 19 ಇಂಚು, ತಲೆಗೆ 3. ಮ್ಯಾಂಗ್ರೋವ್ ಸ್ನ್ಯಾಪರ್ ಕನಿಷ್ಠ 10 ಇಂಚು, ತಲೆಗೆ 5. ರೂಲ್ಸ್ ಬದಲಾಗ್ತಾ ಇರುತ್ತೆ, ಆ ದಿನದ್ದು ಕ್ಯಾಪ್ಟನ್ ಹೇಳಿದ್ದೇ ಫೈನಲ್. ಸಾರಿಗೆ ನನ್ನ ಓಟು ಸ್ನ್ಯಾಪರಿಗೆ, ಮಂಗಳೂರು ಕಡೆ ಕೆಂಬೇರಿ ತಿಂದವರಿಗೆ ಅದೇ ಕುಟುಂಬದ ಮೀನು, ಗಟ್ಟಿ ಮಾಂಸ, ಹುಳಿ-ಖಾರ ಚೆನ್ನಾಗಿ ಹಿಡಿಯುತ್ತೆ. ಟ್ರೌಟ್ ಮಾಂಸ ತುಂಬಾ ಮೆತ್ತಗೆ, ಹಿಡಿದ ಕೂಡ್ಲೇ ಐಸಿಗೆ ಹಾಕಿ ಅವತ್ತೇ ರವಾ ಫ್ರೈ ಮಾಡಿ, ಫ್ರೀಜರಲ್ಲಿಟ್ರೆ ಇನ್ನೂ ಮೆತ್ತಗಾಗುತ್ತೆ. ದಡಕ್ಕೆ ಬಂದ ಮೇಲೆ ಗೈಡ್‌ಗಳು ಸಾಮಾನ್ಯವಾಗಿ ಫಿಲೆ (ಮುಳ್ಳಿಲ್ಲದ ಮಾಂಸದ ತುಂಡು) ತೆಗೆದು ತಲೆ-ಮುಳ್ಳು ಬಿಸಾಕ್ತಾರೆ, ಚಾಕು ಎತ್ತೋ ಮುಂಚೆನೇ ಹೇಳಿ, ತಲೆ ಬೇಕು, ಬರೀ ಹೊಟ್ಟೆ ಕ್ಲೀನ್ ಮಾಡಿ ಕೊಡಿ ಅಂತ. ಟಿಪ್ 15-20 ಪರ್ಸೆಂಟ್ ವಾಡಿಕೆ, ಅದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಬಿಡೋ ಮೀನಿನ ಬಗ್ಗೆ ಇಷ್ಟು ಕೇಳ್ಕೊತೀನಿ, ಇಷ್ಟು ಬಿಸಿ ನೀರಲ್ಲಿ ಅದು ಬೇಗ ಸುಸ್ತಾಗುತ್ತೆ, ತುಂಬ ಹೊತ್ತು ಆಡಿಸ್ಬೇಡಿ, ಒದ್ದೆ ಕೈಯಲ್ಲೇ ಮುಟ್ಟಿ, ದವಡೆ ಹಿಡಿದು ನೇತಾಡಿಸಿ ಫೋಟೋ ತೆಗೀಬೇಡಿ, ಫೋನ್ ರೆಡಿ ಇಟ್ಕೊಂಡ ಮೇಲೆ ಮೀನು ಮೇಲೆತ್ತಿ, ಕೆಲವೇ ಸೆಕೆಂಡಲ್ಲಿ ವಾಪಸ್ ಬಿಡಿ. ಕ್ಯಾಟ್‌ಫಿಶ್ ಬಂದ್ರೆ ಮಕ್ಕಳು ಮುಟ್ಟೋದು ಬೇಡ, ರೆಕ್ಕೆ ಮುಳ್ಳು ವಿಷ. ಕೈಕಾಲಲ್ಲಿ ಹಸಿ ಗಾಯ ಇದ್ದವರು ಆ ಬೆಚ್ಚನೆ ಉಪ್ಪುನೀರಿಗೆ ಇಳೀಬೇಡಿ, ಗಾಯದ ಮೂಲಕ ಸೋಂಕು ತರೋ ವಿಬ್ರಿಯೋ ಬ್ಯಾಕ್ಟೀರಿಯಾ ಇರಬಹುದು.

ಅದು ಚಂಡಮಾರುತದ ಸೀಸನ್ ಬೇರೆ, ಹವಾಮಾನಕ್ಕೆ ಕ್ಯಾಪ್ಟನ್ನೇ ಕ್ಯಾನ್ಸಲ್ ಮಾಡಿದ್ರೆ ಅಡ್ವಾನ್ಸ್ ವಾಪಸ್ ಬರುತ್ತಾ ಅಂತ ಮೆಸೇಜಲ್ಲಿ ಬರೆಸ್ಕೊಂಡೇ ದುಡ್ಡು ಕಳಿಸಿ. ಡೇಟು ಮತ್ತೆ ಎಷ್ಟು ಜನ ಅಂತ ಇಲ್ಲೇ ಹಾಕಿ, ಆ ದಿನದ ಟೈಡ್ ಟೇಬಲ್ (ಉಬ್ಬರವಿಳಿತದ ಪಟ್ಟಿ) ನೋಡಿ ಯಾವ ಗಂಟೆ ಕೇಳ್ಬೇಕು ಅಂತ ಹೇಳ್ತೀನಿ.