1993ರಲ್ಲಿ ಬೋ–ಲೂಯಿಸ್ ಟೈಟಲ್ ಫೈಟ್ ಆಗಿದ್ದರೆ? ನನ್ನ ಓಟು ಬೋಗೆ

ನಿಮ್ಮ ಪ್ರಶ್ನೆ ಇದು: 1993ರಲ್ಲಿ ಬಾಕ್ಸಿಂಗ್‌ನ ಹೆವಿವೇಟ್ ಚಾಂಪಿಯನ್ ರಿಡಿಕ್ ಬೋ, ಚಾಲೆಂಜರ್ ಲೆನಾಕ್ಸ್ ಲೂಯಿಸ್ ಎದುರು ರಿಂಗಿಗೆ ಇಳಿದಿದ್ದರೆ ಯಾರು ಗೆಲ್ಲುತ್ತಿದ್ದರು? ಬೋ ಹೆದರಿ ತಪ್ಪಿಸಿಕೊಂಡನಾ?

ಆ ವರ್ಷದ ಮೊದಲ ಆರು ತಿಂಗಳಲ್ಲಿ ನಡೆದಿದ್ದರೆ ಬೋ ಗೆಲ್ಲುತ್ತಿದ್ದ. ಇದನ್ನು ಜಾಸ್ತಿ ಜನ ಒಪ್ಪುವುದಿಲ್ಲ ಅಂತ ಗೊತ್ತು. ಎಲ್ಲರೂ ಮೊದಲು ಎತ್ತುವುದು 1988ರ ಸೋಲ್ ಒಲಿಂಪಿಕ್ಸ್ ಫೈನಲ್. ಅಲ್ಲಿ ಲೂಯಿಸ್ ಎರಡನೇ ಸುತ್ತಿನಲ್ಲೇ ಬೋ ಕಥೆ ಮುಗಿಸಿದ್ದ, ನಿಜ. ಆದರೆ ಅದು ಮೂರು ಸುತ್ತಿನ ಅಮೆಚೂರ್ ಪಂದ್ಯ. ತಲೆಗೆ ಹೆಡ್‌ಗಾರ್ಡ್ ಇತ್ತು, ಏಟು ತಿಂದವನು ನಿಂತಿರುವಾಗಲೇ ರೆಫರಿ ಎಂಟರವರೆಗೆ ಎಣಿಸುವ ನಿಯಮ ಇತ್ತು. 12 ಸುತ್ತಿನ ಪ್ರೊಫೆಷನಲ್ ಫೈಟನ್ನು ಅದರಿಂದ ಅಳೆಯೋಕೆ ಆಗಲ್ಲ.

ನೋಡಬೇಕಾದ್ದು 1992ರ ನವೆಂಬರ್ 13ರ ಬೋನನ್ನು. ಲಾಸ್ ವೇಗಸ್, ಎದುರಿಗೆ ಆಗಿನ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್. ಹತ್ತನೇ ಸುತ್ತನ್ನು ದಯವಿಟ್ಟು ಪೂರ್ತಿ ನೋಡಿ. ಶುರುವಿನಲ್ಲೇ ಬೋನ ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಬೀಸುವ ಹೊಡೆತ) ಬೀಳುತ್ತದೆ, ಹೋಲಿಫೀಲ್ಡ್ ತತ್ತರಿಸುತ್ತಾನೆ. ಆಮೇಲೆ ಬೋ ಬಿಡುವುದೇ ಇಲ್ಲ, ಹತ್ತಿರ ನಿಂತು ಮೇಲಿಂದ ಮೇಲೆ ಹೊಡೆಯುತ್ತಾನೆ. ಇನ್ನೇನು ಮುಗಿಯಿತು ಅನ್ನುವಾಗ ಹೋಲಿಫೀಲ್ಡ್ ತಿರುಗಿಬೀಳುತ್ತಾನೆ, ಸುತ್ತಿನ ಕೊನೆಗೆ ಏಟು ತಿನ್ನುತ್ತಿರುವವನು ಬೋ! ಅಷ್ಟಾದ ಮೇಲೂ ಹನ್ನೊಂದನೇ ಸುತ್ತಿನಲ್ಲಿ ಹೋಲಿಫೀಲ್ಡ್‌ನನ್ನು ಕೆಳಗೆ ಬೀಳಿಸಿದ. ಮೂವರು ಜಡ್ಜ್‌ಗಳೂ ಬೋಗೇ ಕೊಟ್ಟರು.

6 ಅಡಿ 5 ಇಂಚಿನ ಆಳು ಹೀಗೆ ಮೈಗೆ ಮೈ ತಾಗಿಸಿ ಚಿಕ್ಕ ಚಿಕ್ಕ ಹೊಡೆತ ಹೊಡೆಯುವುದು ತುಂಬಾ ಅಪರೂಪ. ಅವನನ್ನು ಹಾಗೆ ಪಳಗಿಸಿದವರು ಎಡ್ಡಿ ಫಚ್, ಹಿಂದಿನ ಹೆವಿವೇಟ್ ಚಾಂಪಿಯನ್ ಜೋ ಫ್ರೇಜರ್‌ಗೂ ಟ್ರೇನರ್ ಆಗಿದ್ದವರು.

ಆಗಿನ ಲೂಯಿಸ್ ಇನ್ನೂ ಪೂರ್ತಿ ತಯಾರಾಗಿರಲಿಲ್ಲ. ಬಲಗೈ ಭಯಂಕರ, ಅದರಲ್ಲಿ ಎರಡು ಮಾತಿಲ್ಲ. ರೇಜರ್ ರಡಕ್‌ನನ್ನು ಎರಡೇ ಸುತ್ತಿನಲ್ಲಿ ಮುಗಿಸಿದ್ದ. ಆದರೆ ಆ ಬಲಗೈಯನ್ನೇ ಜಾಸ್ತಿ ನಂಬಿಕೊಂಡಿದ್ದ. 1993ರಲ್ಲಿ ಟೋನಿ ಟಕರ್‌ನನ್ನು ಎರಡು ಸಲ ಬೀಳಿಸಿಯೂ 12 ಸುತ್ತು ಆಡಬೇಕಾಯಿತು. ಫ್ರಾಂಕ್ ಬ್ರೂನೋ ಏಳನೇ ಸುತ್ತಿನವರೆಗೂ ಕಾಡಿದ. 1994ರಲ್ಲಿ ಆಲಿವರ್ ಮೆಕಾಲ್ ಎರಡನೇ ಸುತ್ತಿನಲ್ಲೇ ಲೂಯಿಸ್‌ನನ್ನು ಸೋಲಿಸಿದ. ನಾವೆಲ್ಲ ಹೊಗಳುವ ಲೂಯಿಸ್ ಹುಟ್ಟಿದ್ದು ಅದಾದ ಮೇಲೆ. ಮೆಕಾಲ್‌ನ ಟ್ರೇನರ್ ಇಮ್ಯಾನುಯಲ್ ಸ್ಟೀವರ್ಡ್ ಅವರನ್ನೇ ಕರೆತಂದು ತನ್ನ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ), ಕಾಲಿನ ನಡೆ ಎಲ್ಲ ತಿದ್ದಿಸಿಕೊಂಡ.

ಇನ್ನು ಹೆದರಿಕೆ ವಿಷಯ. ಬೋ–ಹೋಲಿಫೀಲ್ಡ್ ಪಂದ್ಯದಲ್ಲಿ ಗೆದ್ದವನು ಲೂಯಿಸ್–ರಡಕ್ ಪಂದ್ಯದಲ್ಲಿ ಗೆದ್ದವನ ಜೊತೆ ಆಡಬೇಕು ಅಂತ ಮೊದಲೇ ಮಾತಾಗಿತ್ತು. ಹಣ ಹಂಚಿಕೊಳ್ಳುವುದರಲ್ಲಿ ಮಾತು ಮುರಿಯಿತು. 1992ರ ಡಿಸೆಂಬರ್‌ನಲ್ಲಿ ಲಂಡನ್‌ಗೆ ಹೋಗಿ ಬೋ ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಕೌನ್ಸಿಲ್) ಚಾಂಪಿಯನ್ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೆ ಆ ಹತ್ತನೇ ಸುತ್ತು ಆಡಿದವನು ಏಟಿಗೆ ಹೆದರುವವನಲ್ಲ. ಸುಲಭದ ದಾರಿ ಹಿಡಿದದ್ದು ಅವನ ಕ್ಯಾಂಪ್ ಅಂತ ನನಗನಿಸುತ್ತದೆ. ಮುಂದೆ ಮೈಕಲ್ ಡೋಕ್ಸ್‌ನನ್ನು ಒಂದೇ ಸುತ್ತಿನಲ್ಲಿ, ಜೆಸ್ಸಿ ಫರ್ಗುಸನ್‌ನನ್ನು ಎರಡು ಸುತ್ತಿನಲ್ಲಿ ಬೋ ಮುಗಿಸಿದ. ಅದರಲ್ಲಿ ಕಲಿಯುವುದೇನಿತ್ತು? 1993ರ ನವೆಂಬರ್‌ನಲ್ಲಿ, ಹೋಲಿಫೀಲ್ಡ್ ಜೊತೆಗಿನ ಮೊದಲ ಪಂದ್ಯಕ್ಕಿಂತ 11 ಪೌಂಡ್ ಜಾಸ್ತಿ ತೂಕ ಹೊತ್ತು ಬಂದು ಹೋಲಿಫೀಲ್ಡ್‌ಗೆ ಸೋತ.

ನನ್ನ ಲೆಕ್ಕ ಹೇಳುತ್ತೇನೆ. ಮೊದಲ ನಾಲ್ಕು ಸುತ್ತು ಲೂಯಿಸ್‌ನದು, ತೋಳು ಉದ್ದ ಅಲ್ವಾ. ಬೋ ಒಮ್ಮೆ ಕೆಳಗೆ ಬಿದ್ದರೂ ಆಶ್ಚರ್ಯವಿಲ್ಲ. ಐದರಿಂದ ಬೋ ಒಳಗೆ ನುಗ್ಗುತ್ತಾನೆ, ಲೂಯಿಸ್ ತಬ್ಬಿ ಹಿಡಿಯುತ್ತಾನೆ, ಹೊಟ್ಟೆಗೆ ಏಟು ಬೀಳುತ್ತಲೇ ಇರುತ್ತವೆ. ಒಂಬತ್ತು ಅಥವಾ ಹತ್ತರಲ್ಲಿ ರೆಫರಿ ನಿಲ್ಲಿಸುತ್ತಾರೆ.

1996ರ ಕೊನೆಗೆ ಆಗಿದ್ದರೆ ಮಾತೇ ಬೇರೆ. ಆ ವರ್ಷ ಆಂಡ್ರೂ ಗೊಲೊಟಾ ಎರಡು ಸಲವೂ ಸೊಂಟದ ಕೆಳಗೆ ಹೊಡೆದು ಅನರ್ಹನಾದ, ಬೋ ಗೆದ್ದ. ಆದರೆ ಆ ಎರಡು ರಾತ್ರಿ ಬೋ ತಿಂದ ಏಟು ನೋಡೋಕಾಗಲ್ಲ. ಅದೇ ಗೊಲೊಟಾನನ್ನು 1997ರಲ್ಲಿ ಲೂಯಿಸ್ ಮೊದಲ ಸುತ್ತಿನಲ್ಲೇ ಮಲಗಿಸಿದ.