ಎದೆಗೆ ಕಟ್ಟಿದ ಮಗುವಿನ ಉಸಿರು ಸಲೀಸಾಗಿರಲಿ
ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆ. ಹೆಣ್ಣು ಮಗುವಿಗೆ ಈಗ ಹತ್ತು ವಾರ, ತೂಕ 4.8 ಕೆ.ಜಿ. ಹೆರಿಗೆ ಸಿಸೇರಿಯನ್ ಆಗಿತ್ತು. ಬಸ್ಸು ಬರುವ ರಸ್ತೆಗೆ ಏರುದಾರಿಯಲ್ಲಿ ಇಪ್ಪತ್ತು ನಿಮಿಷ ನಡೆಯಬೇಕು. ಬೆಂಗಳೂರಿನಲ್ಲಿರುವ ತಮ್ಮ ಬಕಲ್ ಇರುವ ಬೇಬಿ ಕ್ಯಾರಿಯರ್ ತಂದುಕೊಡುತ್ತೇನೆ ಎನ್ನುತ್ತಾನೆ, ನಾದಿನಿ ತಾನು ಬಳಸಿದ ರಿಂಗ್ ಸ್ಲಿಂಗ್ (ಎರಡು ಬಳೆಗಳಲ್ಲಿ ಬಟ್ಟೆ ತೂರಿಸಿ ಒಂದು ಭುಜಕ್ಕೆ ಹಾಕಿಕೊಳ್ಳುವ ಜೋಳಿಗೆ) ಕೊಟ್ಟಿದ್ದಾಳೆ, ಅತ್ತೆಯವರು ಹಳೆಯ ಹತ್ತಿ ಸೀರೆಯೇ ಸಾಕು ಎನ್ನುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ, ಡಾಕ್ಟರೇ?

ಉತ್ತರ: ಈ ಮೂರರಲ್ಲಿ ಯಾವುದರಲ್ಲಾದರೂ ಮಗುವನ್ನು ಸುರಕ್ಷಿತವಾಗಿ ಹೊರಬಹುದು, ಮೂರರಲ್ಲೂ ಮಗುವನ್ನು ಅಪಾಯಕ್ಕೆ ಒಡ್ಡಲೂಬಹುದು. ಆದ್ದರಿಂದ ಯಾವ ವಸ್ತು ಎಂಬುದಕ್ಕಿಂತ ಮೊದಲು, ಅದರೊಳಗೆ ಮಗು ಹೇಗೆ ಕೂರುತ್ತದೆ ಎಂಬುದನ್ನು ನೋಡೋಣ.

ಹಸುಗೂಸಿನ ತಲೆ ಅದರ ಮೈಯ ಅಳತೆಗೆ ಬಹಳ ದೊಡ್ಡದು, ಕತ್ತಿನ ಸ್ನಾಯುಗಳಿಗೆ ಇನ್ನೂ ಬಲ ಬಂದಿರುವುದಿಲ್ಲ, ಉಸಿರಿನ ಕೊಳವೆ ಕಿರಿದಾಗಿಯೂ ಮೆತ್ತಗೂ ಇರುತ್ತದೆ. ಗದ್ದ ಎದೆಗೆ ಒತ್ತಿಕೊಳ್ಳುವಂತೆ ಮಗು ಮುದುಡಿದರೆ ಆ ಕೊಳವೆ ಬಾಗಿ ಗಾಳಿಯ ದಾರಿ ಕಟ್ಟುತ್ತದೆ. ಬಟ್ಟೆಯೋ ಹೊತ್ತವರ ಮೈಯೋ ಮೂಗಿಗೆ ಒತ್ತಿಕೊಂಡರೂ ಆಗುವುದು ಅದೇ. ದೊಡ್ಡವರಾದರೆ ತಲೆ ಎತ್ತಿಕೊಳ್ಳುತ್ತೇವೆ, ಕೈಯಿಂದ ತಳ್ಳುತ್ತೇವೆ, ಕೂಗುತ್ತೇವೆ. ಹತ್ತು ವಾರದ ಮಗುವಿಗೆ ಇದ್ಯಾವುದೂ ಸಾಧ್ಯವಿಲ್ಲದ ಕಾರಣ ಅದು ಸದ್ದಿಲ್ಲದೆ ಸೊರಗುತ್ತದೆ, ಹೊತ್ತವರು ಮಗು ಹಾಯಾಗಿ ನಿದ್ದೆ ಮಾಡುತ್ತಿದೆ ಎಂದುಕೊಳ್ಳುತ್ತಾರೆ.

ಒಮ್ಮೆ ಮಳೆಗಾಲದಲ್ಲಿ ಒಬ್ಬ ತಾಯಿ ಎರಡು ತಿಂಗಳ ಮಗುವನ್ನು ಚೀಲದಂತೆ ಜೋತುಬಿದ್ದಿದ್ದ ಸ್ಲಿಂಗ್‌ನಲ್ಲಿ ಹೊತ್ತು ನನ್ನ ಬಳಿಗೆ ಬಂದಿದ್ದರು. ಬಟ್ಟೆಯ ಅಂಚು ಸರಿಸಿ ನೋಡಿದಾಗ ಮಗುವಿನ ಗದ್ದ ಎದೆಗೆ ಊರಿಕೊಂಡಿತ್ತು, ಪ್ರತಿ ಉಸಿರಿಗೂ ಸಣ್ಣಗೆ ಗೊರ ಗೊರ ಸದ್ದು ಬರುತ್ತಿತ್ತು, ಮೂಗಿನ ಹೊಳ್ಳೆಗಳು ಅಗಲವಾಗುತ್ತಿದ್ದವು. ನೆಗಡಿ ಇರಬೇಕೆಂದು ಆ ತಾಯಿ ಬಂದಿದ್ದರು. ಮಗುವನ್ನು ಹೊರಗೆ ತೆಗೆದು ನೆಟ್ಟಗೆ ಎದೆಗೆ ಒರಗಿಸಿಕೊಂಡ ಕೂಡಲೇ ಸದ್ದು ನಿಂತಿತು. ಅಂದಿನಿಂದ ನಾನು ಯಾರ ಮಗುವನ್ನು ನೋಡಿದರೂ ಮೊದಲು ಗದ್ದದ ಕೆಳಗೆ ನೋಡುತ್ತೇನೆ.

ನೀವು ಮಾಡಬೇಕಾದ ಪರೀಕ್ಷೆಯೂ ಅದೇ. ಮಗುವನ್ನು ಕಟ್ಟಿಕೊಂಡ ಮೇಲೆ ಅದರ ಗದ್ದಕ್ಕೂ ಎದೆಗೂ ನಡುವೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಮಗುವಿನ ಮುಖ ನೀವು ಕಣ್ಣು ತಗ್ಗಿಸಿದೊಡನೆ ಕಾಣಬೇಕು, ಯಾವ ಅಂಚನ್ನೂ ಸರಿಸುವ ಅಗತ್ಯ ಬೀಳಬಾರದು. ತಲೆ ಬಗ್ಗಿಸಿದರೆ ನಿಮ್ಮ ತುಟಿ ಮಗುವಿನ ನೆತ್ತಿಗೆ ತಾಗುವಷ್ಟು ಎತ್ತರದಲ್ಲಿ ಮಗು ಇರಬೇಕು. ಮಗುವಿನ ಬೆನ್ನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಾಗ ಅದು ಇನ್ನಷ್ಟು ನಿಮ್ಮ ಕಡೆಗೆ ಸರಿದರೆ ಕಟ್ಟು ಸಡಿಲವಾಗಿದೆ ಎಂದರ್ಥ. ಸಡಿಲ ಕಟ್ಟಿನಲ್ಲಿ ಮಗು ಕುಸಿದು ಮುದುಡುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗವು 2010ರ ಮಾರ್ಚ್‌ನಲ್ಲಿ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ನೀಡಿದಾಗ, ನಾಲ್ಕು ತಿಂಗಳೊಳಗಿನ ಕೂಸುಗಳ ವಿಷಯದಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದ ಮಕ್ಕಳು, ತೂಕ ಕಡಿಮೆ ಇರುವ ಅವಳಿಗಳು, ನೆಗಡಿಯಂಥ ಉಸಿರಾಟದ ತೊಂದರೆ ಇರುವ ಮಕ್ಕಳ ವಿಷಯದಲ್ಲಿ ವಿಶೇಷ ಜಾಗ್ರತೆ ಬೇಕೆಂದು ಹೇಳಿತ್ತು. ನಿಮ್ಮ ಮಗು ಇನ್ನೂ ಆ ವಯಸ್ಸಿನಲ್ಲೇ ಇದೆ.

ಉಸಿರಿನ ನಂತರ ನೋಡಬೇಕಾದದ್ದು ತೊಡೆಯ ಕೀಲು. ಹುಟ್ಟಿದಾಗ ಈ ಕೀಲಿನ ಬಟ್ಟಲು ಬಹುಪಾಲು ಮೃದ್ವಸ್ಥಿಯಾಗಿರುತ್ತದೆ. ತೊಡೆಮೂಳೆಯ ಗುಂಡುತಲೆ ಅದರೊಳಗೆ ಸರಿಯಾಗಿ ಕೂತಿದ್ದರೆ ಮಾತ್ರ ಬಟ್ಟಲು ಆಳವಾಗಿ ಬೆಳೆಯುತ್ತದೆ. ಮೊದಲ ಆರು ತಿಂಗಳು ಇದಕ್ಕೆ ಬಹಳ ಮುಖ್ಯವಾದ ಕಾಲ. ಮಗುವಿನ ತೊಡೆಗಳು ಅಗಲಿಸಿ, ಮಂಡಿಗಳು ಕುಂಡೆಗಿಂತ ತುಸು ಮೇಲಿದ್ದು, ಬಟ್ಟೆಯ ಆಸರೆ ಒಂದು ಮಂಡಿಯ ಹಿಂಬದಿಯಿಂದ ಇನ್ನೊಂದು ಮಂಡಿಯ ಹಿಂಬದಿಯವರೆಗೆ ಇರಬೇಕು. ನಮ್ಮ ಹೆಂಗಸರು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಾಗ ಮಗು ತಾನಾಗಿಯೇ ಕೂರುವ ರೀತಿ ಇದು. ಕಾಲುಗಳ ನಡುವೆ ಕಿರಿದಾದ ಪಟ್ಟಿ ಮಾತ್ರ ಇದ್ದು, ಕಾಲುಗಳು ನೆಟ್ಟಗೆ ಕೆಳಕ್ಕೆ ಜೋತುಬೀಳುವ ಕ್ಯಾರಿಯರ್ ಅನ್ನು, ಎಷ್ಟೇ ದುಬಾರಿಯಾಗಿರಲಿ, ತಮ್ಮನಿಗೆ ಬೇಡವೆನ್ನಿ. ನಿಮ್ಮ ಮಗು ಕಾಲು ಮುಂದಾಗಿ ಹೊಟ್ಟೆಯಲ್ಲಿದ್ದ ಕಾರಣಕ್ಕೆ ಸಿಸೇರಿಯನ್ ಆಗಿದ್ದರೆ, ಅಥವಾ ಮನೆತನದಲ್ಲಿ ಯಾರಿಗಾದರೂ ತೊಡೆಯ ಕೀಲಿನ ತೊಂದರೆ ಇದ್ದರೆ, ಕ್ಯಾರಿಯರ್ ಕೊಳ್ಳುವ ಮೊದಲು ಮಗುವಿನ ಕೀಲನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ. ಹೆಣ್ಣು ಮಕ್ಕಳಲ್ಲಿ ಈ ದೋಷ ಹೆಚ್ಚು.

ಈಗ ನಿಮ್ಮ ಮೂರು ಆಯ್ಕೆಗಳಿಗೆ ಬರೋಣ. ರಿಂಗ್ ಸ್ಲಿಂಗ್ ಭಾರವನ್ನೆಲ್ಲ ಒಂದೇ ಭುಜದ ಮೇಲೆ ಹಾಕುವುದರಿಂದ ಏರುದಾರಿಗೆ ಹೊಂದುವುದಿಲ್ಲ. ಮನೆಯೊಳಗೆ ಸ್ವಲ್ಪ ಹೊತ್ತು, ಮಗುವನ್ನು ಅಡ್ಡಡ್ಡ ಮಲಗಿಸದೆ ನೆಟ್ಟಗೆ ಕೂರಿಸಿಕೊಂಡು ಬಳಸಿ. ನಾದಿನಿ ಕೊಟ್ಟದ್ದು ಹಳೆಯದಾದ್ದರಿಂದ ಬಳೆಗಳಲ್ಲಿ ಬಿರುಕಿದೆಯೇ, ಹೊಲಿಗೆ ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸುಮಾರು ಐದೂವರೆ ಮೀಟರ್ ಉದ್ದದ ಹತ್ತಿ ಸೀರೆ, ಇಂದು ಹೊರದೇಶಗಳಲ್ಲಿ ದೊಡ್ಡ ಬೆಲೆಗೆ ಮಾರುವ ಸುತ್ತುಬಟ್ಟೆಗಿಂತ ಕಡಿಮೆಯದೇನಲ್ಲ. ಆದರೆ ಅದರ ಭದ್ರತೆ ಇರುವುದು ಕಟ್ಟುವ ಕೈಯಲ್ಲಿ. ಅತ್ತೆಯವರಿಗೆ ಎರಡೂ ಭುಜದ ಮೇಲೆ ಹಾದು ಮಗುವಿನ ಕುಂಡೆಯ ಕೆಳಗೆ ಅಡ್ಡವಾಗಿ ಬರುವ ಕಟ್ಟು ಗೊತ್ತಿದ್ದರೆ, ಅದನ್ನು ಮೊದಲು ತಲೆದಿಂಬಿನೊಂದಿಗೆ, ಆಮೇಲೆ ಹಾಸಿಗೆಯ ಮೇಲೆ ಕುಳಿತು ಮಗುವಿನೊಂದಿಗೆ ಹತ್ತಾರು ಸಲ ಕಲಿಯಿರಿ. ಜಾರುವ ಸಿಂಥೆಟಿಕ್ ಸೀರೆ ಮಾತ್ರ ಬೇಡ.

ಏರುದಾರಿಯ ನಡಿಗೆಗೆ ನನ್ನ ಸಲಹೆ ಬಕಲ್ ಕ್ಯಾರಿಯರ್. ಅದರ ಲೇಬಲ್‌ನಲ್ಲಿ ಕನಿಷ್ಠ ತೂಕ ಬರೆದಿರುತ್ತದೆ. ಅನೇಕ ಕ್ಯಾರಿಯರ್‌ಗಳಲ್ಲಿ ಅದು 3.5 ಕೆ.ಜಿ. ಆಗಿರುವುದರಿಂದ ನಿಮ್ಮ ಮಗುವಿಗೆ ತೂಕದ ಅಡ್ಡಿ ಇರಲಾರದು. ತೂಕ ಸಾಕಷ್ಟಿದ್ದರೂ ಕೂರುವ ಭಾಗವನ್ನು ಮಗುವಿನ ಮಂಡಿಯಿಂದ ಮಂಡಿಗೆ ಸರಿಹೊಂದುವಂತೆ ಕಿರಿದು ಮಾಡಲು ಬರುತ್ತದೆಯೇ, ಬೆನ್ನಿನ ಭಾಗ ಮಗುವಿನ ಕಿವಿಗಿಂತ ಮೇಲೆ ಹೋಗದೆ, ಮುಖ ಮುಚ್ಚದೆ ಇರುತ್ತದೆಯೇ ಎಂದು ನೋಡಬೇಕು. ಸಾಧ್ಯವಾದರೆ ತಮ್ಮನಿಗೆ ತರಲು ಹೇಳುವ ಬದಲು ನೀವೇ ಮಗುವಿನೊಂದಿಗೆ ಅಂಗಡಿಗೆ ಹೋಗಿ ಹಾಕಿ ನೋಡಿ, ಇಲ್ಲವೇ ಹಿಂದಿರುಗಿಸಬಹುದಾದ ಕಡೆ ಕೊಳ್ಳಲು ಹೇಳಿ. ಸೊಂಟದ ಪಟ್ಟಿ ನಿಮ್ಮ ಹೊಲಿಗೆಯ ಗಾಯದ ಮೇಲೆ ಕೂರಬಾರದು; ನೋವಾದರೆ ಪಟ್ಟಿಯನ್ನು ಮೇಲಕ್ಕೆ ಕಟ್ಟಿ, ಆಗಲೂ ಎಳೆತ ಅನ್ನಿಸಿದರೆ ಕೆಲವು ವಾರ ಮಗುವನ್ನು ಯಜಮಾನರು ಹೊರಲಿ. ಬಗ್ಗುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಕೂರಿ, ಒಂದು ಕೈ ಮಗುವಿನ ಬೆನ್ನ ಮೇಲಿರಲಿ. ಮಗುವನ್ನು ಕಟ್ಟಿಕೊಂಡು ಒಲೆಯ ಮುಂದೆ ನಿಲ್ಲುವುದನ್ನೂ ಬಿಸಿ ಕಾಫಿ ಕುಡಿಯುವುದನ್ನೂ ಬಿಟ್ಟುಬಿಡಿ.

ಪ್ರಶ್ನೆ: ವಿರಾಜಪೇಟೆ ಹತ್ತಿರದ ಹಳ್ಳಿ ನಮ್ಮದು. ಮಗನಿಗೆ ಹದಿನಾಲ್ಕು ವಾರದ ಲಸಿಕೆ ಹಾಕಿಸಬೇಕು. ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡು ಬೈಕಿನಲ್ಲಿ ನಿಧಾನವಾಗಿ ಹೋಗಬಹುದೇ?

ಉತ್ತರ: ದಯವಿಟ್ಟು ಬೇಡ. ಬೇಬಿ ಕ್ಯಾರಿಯರ್ ನಡೆಯುವವರಿಗಾಗಿ ಮಾಡಿದ್ದು. ಬೈಕು ಜಾರಿ ನೀವು ಮುಂದಕ್ಕೆ ಬಿದ್ದರೆ ನಿಮ್ಮ ಇಡೀ ಮೈಭಾರ ಎದೆಯ ಮೇಲಿನ ಮಗುವಿನ ಮೇಲೆ ಬೀಳುತ್ತದೆ. 2022ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು, ನಾಲ್ಕು ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು, ಒಂಬತ್ತು ತಿಂಗಳಾದ ಮಕ್ಕಳಿಗೆ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎನ್ನುತ್ತವೆ. ಆ ಸುರಕ್ಷಾ ಪಟ್ಟಿಯೂ ಈ ಕ್ಯಾರಿಯರೂ ಒಂದೇ ಅಲ್ಲ; ಮೂರು ತಿಂಗಳ ಮಗುವಿನ ಕತ್ತು ಹೆಲ್ಮೆಟ್ಟಿನ ಭಾರವನ್ನು ತಾಳುವುದೂ ಇಲ್ಲ. ಬಸ್ಸಿನಲ್ಲೋ ಆಟೋದಲ್ಲೋ ಹೋಗಿ. ಲಸಿಕೆ ಎರಡು ದಿನ ತಡವಾದರೂ ಹಾಕಿಸಬಹುದು. ಕಾರಿನಲ್ಲಾದರೂ ಅಷ್ಟೇ, ಮಗುವಿಗೆ ಬೇಕಾದದ್ದು ಹಿಂಬದಿಗೆ ಮುಖಮಾಡಿ ಕೂರಿಸುವ ಶಿಶು ಆಸನ; ಕ್ಯಾರಿಯರ್ ಅದರ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಕುಶಾಲನಗರದಿಂದ ಬರೆಯುತ್ತಿದ್ದೇನೆ. ಮಗು 34 ವಾರಕ್ಕೇ ಹುಟ್ಟಿತು, ಆಗ 1.8 ಕೆ.ಜಿ. ಇತ್ತು, ಈಗ 2.3 ಕೆ.ಜಿ. ಆಸ್ಪತ್ರೆಯಲ್ಲಿ ಕಾಂಗರೂ ಆರೈಕೆ ಹೇಳಿಕೊಟ್ಟಿದ್ದರು. ಮನೆಯಲ್ಲಿ ಅದನ್ನು ಅಂಗಡಿಯ ಸ್ಲಿಂಗ್‌ನಲ್ಲಿ ಮುಂದುವರಿಸಬಹುದೇ?

ಉತ್ತರ: ಕಾಂಗರೂ ಆರೈಕೆಯನ್ನು ಖಂಡಿತ ಮುಂದುವರಿಸಿ, ಅಂಗಡಿಯ ಸ್ಲಿಂಗ್ ಈಗ ಬೇಡ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್‌ಗಳ ಕೊರತೆಯ ನಡುವೆ ವೈದ್ಯರು ಆರಂಭಿಸಿದ ಈ ಕ್ರಮ ಇಂದು ಜಗತ್ತಿನೆಲ್ಲೆಡೆ ಇದೆ. ದಿನ ತುಂಬದ, ತೂಕ ಕಡಿಮೆಯ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ, ಎಷ್ಟು ಸಾಧ್ಯವೋ ಅಷ್ಟು ಹೊತ್ತು ಈ ಆರೈಕೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಇದರ ಜೀವಾಳ ಮೈಗೆ ಮೈ ತಾಗುವುದು: ಮಗುವಿಗೆ ಲಂಗೋಟಿ, ಟೋಪಿ, ಕಾಲುಚೀಲ ಮಾತ್ರ ಇರಬೇಕು, ಅದು ನಿಮ್ಮ ಎದೆಯ ನಡುವೆ ಕಪ್ಪೆಯಂತೆ ಕಾಲು ಅಗಲಿಸಿ ನೆಟ್ಟಗಿರಬೇಕು, ಮುಖ ಒಂದು ಬದಿಗೆ ತಿರುಗಿ ಗದ್ದ ತುಸು ಮೇಲಾಗಿರಬೇಕು. ಆಸ್ಪತ್ರೆಯಲ್ಲಿ ಕಲಿಸಿದ ಪಟ್ಟಿಯನ್ನೇ ಅದೇ ರೀತಿ ಕಟ್ಟಿ. ಅಂಗಡಿಯ ಕ್ಯಾರಿಯರ್ ಇಷ್ಟು ಚಿಕ್ಕ ಮಗುವಿನ ಅಳತೆಗೆ ಹೊಲಿದದ್ದಲ್ಲ, ಮಗು ಅದರೊಳಗೆ ಕುಸಿಯುತ್ತದೆ. ನೀವು ದಣಿದಾಗ ಮಗುವಿನ ತಂದೆ ಅಂಗಿ ಬಿಚ್ಚಿ ಎದೆಗೆ ಒರಗಿಸಿಕೊಳ್ಳಲಿ, ಅಜ್ಜಿಯೂ ಮಾಡಬಹುದು. ಮುಂದೆ ಕ್ಯಾರಿಯರ್ ಕೊಳ್ಳುವಾಗ ವಯಸ್ಸನ್ನು ಹುಟ್ಟಿದ ದಿನದಿಂದ ಲೆಕ್ಕ ಹಾಕದೆ, ಹೆರಿಗೆಗೆ ಕೊಟ್ಟಿದ್ದ ದಿನದಿಂದ ಲೆಕ್ಕ ಹಾಕಿ.

ಪ್ರಶ್ನೆ: ನಾಲ್ಕು ತಿಂಗಳ ಮಗುವನ್ನು ಹೊರಮುಖವಾಗಿ ಕೂರಿಸಬಹುದೇ? (ಮಡಿಕೇರಿ)

ಉತ್ತರ: ಇನ್ನೂ ಬೇಡ. ಐದಾರು ತಿಂಗಳಾಗಿ ಕತ್ತು ಸಂಪೂರ್ಣ ನಿಂತ ಮೇಲೆ, ಎಚ್ಚರವಾಗಿರುವಾಗ ಮಾತ್ರ, ಸ್ವಲ್ಪ ಹೊತ್ತು ಆಗಬಹುದು. ನಿದ್ದೆ ಬಂದ ಕೂಡಲೇ ಒಳಮುಖ ಮಾಡಿ. ಬೆನ್ನಿಗೆ ಕಟ್ಟಿಕೊಳ್ಳುವುದಕ್ಕೂ ಆರು ತಿಂಗಳಾದರೂ ಕಾಯಿರಿ.

ಪ್ರಶ್ನೆ: ನಮ್ಮದು ಭಾಗಮಂಡಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಗುವನ್ನು ಹೊರಗೆ ಹೊತ್ತೊಯ್ಯುವಾಗ ಎಷ್ಟು ಬಟ್ಟೆ ಹಾಕಬೇಕು?

ಉತ್ತರ: ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೆ ಚಳಿಯಾಗುವುದಕ್ಕಿಂತ ಸೆಕೆಯಾಗುವುದನ್ನೇ ನಾನು ಹೆಚ್ಚು ಕಂಡಿದ್ದೇನೆ, ಅದಕ್ಕೆ ಕಾರಣ ಹಿರಿಯರ ಅಕ್ಕರೆ. ಕ್ಯಾರಿಯರ್ ಬಟ್ಟೆಯೇ ಮಗುವಿಗೆ ಒಂದು ಪದರ, ನಿಮ್ಮ ಮೈಯ ಕಾವು ಇನ್ನೊಂದು. ಒಳಗೆ ತೆಳು ಹತ್ತಿ ಬಟ್ಟೆ ಹಾಕಿ, ತಲೆಗೆ ಟೋಪಿ, ಹೊರಗೆ ಉಳಿಯುವ ಕಾಲುಗಳಿಗೆ ಉಣ್ಣೆಯ ಕಾಲುಚೀಲ ಇರಲಿ. ಸ್ವೆಟರ್ ಹಾಕುವುದಿದ್ದರೆ ನೀವು ಹಾಕಿಕೊಂಡು ಮಗುವಿನ ಸುತ್ತ ತನ್ನಿ, ಮುಖ ಹೊರಗಿರಲಿ. ಮಗುವಿನ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ. ಕೈಕಾಲು ತಣ್ಣಗಿರುವುದನ್ನು ನೋಡಿ ಗಾಬರಿಯಾಗಬೇಡಿ. ಪ್ಲಾಸ್ಟಿಕ್ ಶೀಟನ್ನೋ ರೇನ್‌ಕೋಟನ್ನೋ ಮಗುವಿನ ತಲೆಯ ಮೇಲೆ ಎಳೆಯುವುದು ಅತ್ಯಂತ ಅಪಾಯದ ಅಭ್ಯಾಸ, ಮಳೆಗೆ ದೊಡ್ಡ ಕೊಡೆಯೇ ಸರಿ. ಪಾಚಿ ಕಟ್ಟಿದ ಮೆಟ್ಟಿಲುಗಳ ಮೇಲೆ ಹಿಡಿತವಿರುವ ಚಪ್ಪಲಿ ಹಾಕಿ ನಡೆಯಿರಿ. ದಪ್ಪ ಪ್ಯಾಡ್ ಇರುವ ಕ್ಯಾರಿಯರ್ ಒಗೆದರೆ ಜುಲೈನಲ್ಲಿ ನಾಲ್ಕು ದಿನವಾದರೂ ಒಣಗದೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ನಿಮ್ಮ ಊರಿಗೆ ತೆಳು ಹತ್ತಿಯದನ್ನೇ ಕೊಳ್ಳಿ. ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ ಬಟ್ಟೆಯಲ್ಲಿ ಹೊಗೆ ತುಂಬಿರುತ್ತದೆ. ಅದೇ ಬಟ್ಟೆಯ ಪಕ್ಕದಲ್ಲೇ ಮಗುವಿನ ಮೂಗು ಇರುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ನಾನು ಸಿದ್ದಾಪುರ ಕಡೆಯ ಅಂಗನವಾಡಿ ಕಾರ್ಯಕರ್ತೆ. ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ತಾಯಂದಿರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕಾಫಿ ಕುಯ್ಯುತ್ತಾರೆ, ಇಲ್ಲವೇ ಮರದ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪ್ರಶ್ನೆಗಾಗಿ ಕೃತಜ್ಞತೆಗಳು. ಕ್ಯಾರಿಯರ್ ಕೊಳ್ಳುವವರಿಗಿಂತ ಈ ತಾಯಂದಿರಿಗೆ ಸಲಹೆಯ ಅಗತ್ಯ ಹೆಚ್ಚು. ಅವರನ್ನು ಗದರಬೇಡಿ, ಮಗುವನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಲು ಅವರಿಗಿರುವ ದಾರಿ ಅದೊಂದೇ. ಆರು ತಿಂಗಳೊಳಗಿನ ಕೂಸನ್ನು ಬೆನ್ನ ಬದಲು ಎದೆಗೆ ಕಟ್ಟಿಕೊಳ್ಳಲು ಹೇಳಿ, ಬೆನ್ನ ಮೇಲಿನ ಮಗುವಿನ ಮುಖ ತಾಯಿಗೆ ಕಾಣುವುದಿಲ್ಲ. ಎರಡು ಬೆರಳಿನ ಪರೀಕ್ಷೆಯನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿ, ಮಾತಿನಲ್ಲಿ ಹೇಳಿದರೆ ಮರೆತುಹೋಗುತ್ತದೆ. ಜೋಳಿಗೆಯ ಎರಡು ಬದಿಗಳನ್ನು ಅಗಲಿಸುವಂತೆ ಅಡ್ಡಕೋಲು ಹಾಕಿ, ಬುಡ ಆದಷ್ಟು ಚಪ್ಪಟೆಯಾಗಿರಲಿ. ನೆಲದಿಂದ ಬಹಳ ಎತ್ತರ ಬೇಡ, ಸಡಿಲವಾಗಿ ನೇತಾಡುವ ತುದಿ ಇರಬಾರದು, ಮಗು ತಾನಾಗಿ ಹೊರಳಲು ಕಲಿತ ದಿನದಿಂದ ಜೋಳಿಗೆಯೇ ಬೇಡ. ಬೋರ್ಡೋ ದ್ರಾವಣವಾಗಲಿ ಬೇರೆ ಔಷಧಿಯಾಗಲಿ ಸಿಂಪಡಿಸುವ ದಿನ, ಏಣಿ ಹತ್ತಿ ಕರಿಮೆಣಸು ಕುಯ್ಯುವ ದಿನ ಮಗು ಯಾವ ಕಾರಣಕ್ಕೂ ತಾಯಿಯ ಮೈಮೇಲೆ ಇರಬಾರದು. ಸಿಂಪಡಣೆಯಲ್ಲಿ ಉಟ್ಟಿದ್ದ ಸೀರೆಯಲ್ಲೂ ಮಗುವನ್ನು ಕಟ್ಟಬಾರದು.

ತೋಟದ ಮಾಲೀಕರೊಂದಿಗೂ ಮಾತನಾಡಿ. ಐವತ್ತು ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮನೆ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ತೋಟವಾದರೂ ಕುಯಿಲಿನ ಮೂರು ತಿಂಗಳು ಒಂದು ಕೋಣೆಯನ್ನೂ ಒಬ್ಬ ಅಜ್ಜಿಯ ಕೂಲಿಯನ್ನೂ ಹೊಂದಿಸುವುದು ಕಷ್ಟವಲ್ಲ. ಇನ್ನು, ಮಗುವಿನ ಲಂಗೋಟಿ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲವಾಗಿ ತೆರೆಯದಿದ್ದರೆ, ಒಂದು ಕಾಲು ಗಿಡ್ಡವಾಗಿ ಕಂಡರೆ, ಅಂಗನವಾಡಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಪ್ಪದೆ ತೋರಿಸಿ. ತೊಡೆಯ ಕೀಲಿನ ದೋಷ ಅವರು ನೋಡಲೇಬೇಕಾದ ಪಟ್ಟಿಯಲ್ಲಿದೆ, ಮುಂದಿನ ಚಿಕಿತ್ಸೆಗೂ ಹಣ ಕೊಡಬೇಕಾಗಿಲ್ಲ. ಆರು ತಿಂಗಳೊಳಗೆ ತಿಳಿದರೆ ಬಹುತೇಕ ಮಕ್ಕಳಿಗೆ ತೊಡೆಗಳನ್ನು ಅಗಲಿಸಿ ಹಿಡಿಯುವ ಪಟ್ಟಿ ಕಟ್ಟಿಯೇ ಸರಿಪಡಿಸಬಹುದು. ನಡೆಯಲು ಕಲಿತ ಮೇಲೆ ತಿಳಿದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ತಂಡ ಬರುವ ದಿನಾಂಕವನ್ನು ಲೈನ್ ಮನೆಯವರಿಗೆ ಹಿಂದಿನ ಸಂಜೆಯೇ ತಿಳಿಸಿ, ಬೆಳಗಾದರೆ ಅವರು ಕೆಲಸಕ್ಕೆ ಹೊರಟುಬಿಡುತ್ತಾರೆ.